ಜ್ವರಕ್ಕೆ ಕೂತ ಕಂಪ್ಯೂಟರ್

ಮಗಳು ತಾನೇ ಜೋಡಿಸಿದ ಹೊಸ ಕಂಪ್ಯೂಟರಿಗೆ ಇವತ್ತು ಆಪರೇಟಿಂಗ್ ಸಿಸ್ಟಮ್ ಹಾಕುತ್ತಿದ್ದಳು. ಬಿಚ್ಚಿದ ಬಾಕ್ಸುಗಳಿಂದ ಬಂದ ಹೊಸ ಪ್ಲಾಸ್ಟಿಕ್ಕಿನ ವಾಸನೆ ನನ್ನನ್ನು ಸೀದಾ ಕೆಂಚಾರ್ಲಹಳ್ಳಿಯ ನಮ್ಮ ನಡುಮನೆಗೆ ಕರೆದೊಯ್ದಿತು.

ಅಲ್ಲಿ ಆ ವಾಸನೆಗೆ ಹಿಪ್ಪುನೇರಳೆ ಸೊಪ್ಪಿನ ಹಸಿಗಂಪು ಬೆರೆತಿತ್ತು. ನಡುಮನೆಯಲ್ಲೇ ರೇಷ್ಮೆಹುಳು ಸಾಕುತ್ತಿದ್ದೆವು. ಬೇರೆ ಜಾಗವಿಲ್ಲದೆ ಚಿಕ್ಕಪ್ಪ ತಾನು ಜೋಡಿಸಿದ ಕಂಪ್ಯೂಟರನ್ನೂ ಹುಳುವಿನ ತಟ್ಟೆಗಳ ಪಕ್ಕದಲ್ಲೇ ಇಟ್ಟಿದ್ದ. ಸಿಸ್ಟಮ್ ಹಾಕುವಾಗ ಪರದೆಯ ಮೇಲಿನ ಹಸಿರು ಪಟ್ಟಿ ಅರ್ಧಕ್ಕೆ ಬಂದು ನಿಂತುಬಿಟ್ಟಿತು.

"ಕೆಟ್ಟೋಯ್ತು" ಎಂದು ಚಿಕ್ಕಪ್ಪ ಸ್ವಿಚ್ಚಿಗೆ ಕೈ ಹಾಕಿದ. ಸೊಪ್ಪು ಕತ್ತರಿಸುತ್ತಿದ್ದ ಅಜ್ಜಿ ಗದರಿದಳು.

"ಮುಟ್ಬೇಡ ಕಣೋ! ಜ್ವರಕ್ಕೆ ಕೂತೈತೆ."

ಹುಳು ಪೊರೆ ಬಿಡುವ ಮುಂಚೆ ಮೇಯುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲುಗಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಗೊತ್ತಿಲ್ಲದವರು ಸತ್ತೇಹೋಯಿತು ಅಂದುಕೊಳ್ಳಬೇಕು, ಹಾಗಿರುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ.

ಅಜ್ಜಿ ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು ಬಂದು ಕಂಪ್ಯೂಟರಿನ ಎದುರು ಕೂತಳು. ಮನೆಯವರೆಲ್ಲ ಪಿಸುಮಾತಿಗೆ ಇಳಿದೆವು. ಎಷ್ಟೋ ಹೊತ್ತಿನ ಮೇಲೆ ಪಟ್ಟಿ ಸರಿದು, ಪರದೆ ಬೆಳಗಿ, ಸಣ್ಣದೊಂದು ಸಂಗೀತ ಕೇಳಿಸಿತು. ಚಿಕ್ಕಪ್ಪ ಕುಣಿದಾಡಿದ. ಅಜ್ಜಿಗೆ ಮಾತ್ರ ಬೇರೆಯೇ ಚಿಂತೆ.

"ಎದ್ದೈತೆ, ಹಸ್ಕೊಂಡಿರ್ತೈತೆ. ಇದಕ್ಕೇನಪ್ಪ ಹಾಕ್ತೀಯ?"

ಇವತ್ತೂ ಪರದೆಯ ಮೇಲಿನ ಅಂಕಿ ಕದಲದೆ ನಿಂತಿತು. ಮಗಳ ಕೈ ಸ್ವಿಚ್ಚಿನತ್ತ ಹೋಯಿತು.

"ಬೇಡ ಕಣಮ್ಮ, ಜ್ವರಕ್ಕೆ ಕೂತೈತೆ" ಎಂದೆ.

ಅವಳು ಹುಳು ಸಾಕಿದ್ದನ್ನು ಕಂಡವಳಲ್ಲ, ನನ್ನ ಬಾಯಲ್ಲಿ ಅಜ್ಜಿಯ ಕತೆ ಕೇಳಿದ್ದಳಷ್ಟೆ. ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಎದ್ದುಹೋಗಿ, ಸದ್ದಾಗದಂತೆ ಬಾಗಿಲನ್ನು ಮುಂದಕ್ಕೆಳೆದು ಬಂದು, ನನ್ನ ಪಕ್ಕ ಕೂತಳು.