ಚಕ್ರಪಾಣಿಗಳು ಕೂರಿಸಿದ ದುರ್ಬೀನು

ತ್ಯಾಗರಾಜನಗರದ ಚಕ್ರಪಾಣಿಗಳು ಒಂದು ಸಾಮಾನು ಕೊಳ್ಳುತ್ತಾರೆಂದರೆ ಮನೆಯವರಿಗೆಲ್ಲ ಅಗ್ನಿಪರೀಕ್ಷೆ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಮೆಷಿನ್ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಆಸಾಮಿ. ಮಿಕ್ಸಿ ಕೊಳ್ಳಲು ಹದಿನಾಲ್ಕು ತಿಂಗಳು ಯೋಚಿಸಿದರು. ಅಷ್ಟರಲ್ಲಿ ಅವರು ಒಪ್ಪಿದ ಮಾಡೆಲನ್ನು ಕಂಪನಿಯವರೇ ನಿಲ್ಲಿಸಿಬಿಟ್ಟಿದ್ದರು. ಬಚ್ಚಲಿನ ನಲ್ಲಿಗೆ ವಾಷರ್ ಬೇಕೆಂದರೂ ಮೊದಲು ಮೇಲಿನಿಂದ, ಮುಂದಿನಿಂದ, ಪಕ್ಕದಿಂದ ಮೂರು ಚಿತ್ರ ಬರೆಯಬೇಕು. ಇಂಥವರ ಕೈಗೆ 2003ರ ಜುಲೈ ತಿಂಗಳಲ್ಲಿ ಹೆಂಡತಿಯ ರೈಫಲ್ಲಿಗೆ ದುರ್ಬೀನು ಕೂರಿಸುವ ಕೆಲಸ ಬಂತು.

ರೈಫಲ್ಲು ಹೆಂಡತಿಯದೇ. ಚೂಡಾಮಣಿಯವರ ತಂದೆ ಅರಣ್ಯ ಇಲಾಖೆಯಲ್ಲಿದ್ದವರು. ಅವರು ಹೋದಮೇಲೆ ಲೈಸೆನ್ಸು ಮಗಳ ಹೆಸರಿಗೆ ಬಂದಿತ್ತು. ಸಣ್ಣ ಗುಂಡಿನ ಸೆಮಿ ಆಟೊಮ್ಯಾಟಿಕ್. ಒಂದು ಸಲ ಕುದುರೆ ಎಳೆದರೆ ಒಂದು ಗುಂಡು. ಖಾಲಿ ತೋಟಾ ತಾನಾಗಿಯೇ ಬಲಕ್ಕೆ ಹಾರಿ, ಮುಂದಿನದು ತಾನಾಗಿಯೇ ಒಳಗೆ ಕೂರುತ್ತದೆ. ಈರುಳ್ಳಿಯನ್ನೂ ಒಳಗೆ ಬಿಟ್ಟುಕೊಳ್ಳದ ಆ ಮನೆಯಲ್ಲಿ ಅದು ಕಾಗದವನ್ನು ಬಿಟ್ಟು ಬೇರೇನನ್ನೂ ಹೊಡೆದದ್ದಿಲ್ಲ. ಭಾನುವಾರವಾದರೆ ತಲಘಟ್ಟಪುರದ ಆಚೆಯ ಕ್ಲಬ್ಬಿನ ರೇಂಜಿನಲ್ಲಿ ಚೂಡಾಮಣಿ ಚಾಪೆಯ ಮೇಲೆ ಬೋರಲು ಮಲಗಿ ಗುರಿ ಹಿಡಿಯುವರು. ಚಕ್ರಪಾಣಿಗಳು ಹಿಂದೆ ಕುರ್ಚಿ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ಫ್ಲಾಸ್ಕು ಕಾಯುತ್ತ ಕೂರುವರು. ಆಕೆ ಉಸಿರು ಬಿಗಿ ಹಿಡಿದಾಗ ಇವರೂ ಬಿಗಿ ಹಿಡಿಯುವರು.

ಎರಡು ವರ್ಷದಿಂದ ಆಕೆಯ ಅಂಕ ಇಳಿಯುತ್ತಿತ್ತು. ನೂರಕ್ಕೆ ತೊಂಬತ್ತರ ಕೆಳಗೆ ಬಾರದವರು ಅರವತ್ತೊಂದಕ್ಕೆ ಬಂದು ನಿಂತಿದ್ದರು. ಕಣ್ಣಿನ ಡಾಕ್ಟರು ಪೊರೆಯೇನೂ ಇಲ್ಲ, ವಯಸ್ಸಿಗೆ ತಕ್ಕ ಮಸುಕು ಅಷ್ಟೇ ಎಂದರು. ಚೂಡಾಮಣಿಯವರ ಭಯವೇ ಬೇರೆ. ತಂದೆಗೆ ಅರವತ್ತರಲ್ಲಿ ಕೈನಡುಕ ಶುರುವಾಗಿ, ಕೊನೆಗೆ ಅನ್ನ ಕಲಸಿಕೊಳ್ಳಲೂ ಆಗದೆ ಹೋದದ್ದನ್ನು ಅವರು ನೋಡಿದ್ದರು. ಈಗ ತಮಗೂ ಐವತ್ತೊಂಬತ್ತು.

“ಕಣ್ಣೋ ಕೈಯೋ ಗೊತ್ತಾಗ್ಬೇಕು ನಂಗೆ,” ಎಂದರು ಒಂದು ದಿನ. “ದುರ್ಬೀನು ಹಾಕಿದ್ರೆ ಕಣ್ಣಿನ ತೊಂದರೆ ಕಳೀತು. ಕ್ಲಬ್ಬಿನ ವಿಜಯದಶಮಿ ಸ್ಪರ್ಧೇಲಿ ಆಗ್ಲೂ ಗುಂಡು ಚೆಲ್ಲಾಪಿಲ್ಲಿ ಆದ್ರೆ ಕೈನೇ ಹೋಗಿದೆ ಅಂತ ಅರ್ಥ. ಡಿಸೆಂಬರಲ್ಲಿ ಲೈಸೆನ್ಸ್ ಮುಗಿಯತ್ತೆ. ರಿನ್ಯೂ ಮಾಡ್ಸಲ್ಲ, ಸ್ಟೇಷನ್ನಿಗೆ ಒಪ್ಪಿಸ್ಬಿಡ್ತೀನಿ.”

ಚಕ್ರಪಾಣಿಗಳು ಅಂದು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಆಕೆ ಸ್ಟೇಷನ್ನಿನಿಂದ ಬರಿಗೈಯಲ್ಲಿ ಮೆಟ್ಟಿಲಿಳಿದು ಬರುವುದನ್ನು ನೆನೆದರೇ ಅವರಿಗೆ ಅಳು ಬರುತ್ತಿತ್ತು. ಈ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಾಗಕೂಡದು ಎಂದು ಶಪಥ ಮಾಡಿದರು.

ದುರ್ಬೀನನ್ನು ಕ್ಲಬ್ಬಿನ ಸದಸ್ಯರೊಬ್ಬರು ಕೊಟ್ಟರು. ಬೇಕಾಗಿದ್ದು ಮೌಂಟು, ಅಂದರೆ ರೈಫಲ್ಲಿನ ನೆತ್ತಿಯಲ್ಲಿ ಉದ್ದಕ್ಕೆ ಕೊರೆದ ಎರಡು ಗೀರುಗಳನ್ನು ಕೆಳಗಿನಿಂದಲೂ ದುರ್ಬೀನಿನ ಕೊಳವೆಯನ್ನು ಮೇಲಿನಿಂದಲೂ ಕಚ್ಚಿ ಹಿಡಿಯುವ ಕಬ್ಬಿಣದ ತುಂಡು. ಲೈಸೆನ್ಸಿಲ್ಲದ ಚಕ್ರಪಾಣಿಗಳು ರೈಫಲ್ಲನ್ನು ಅಂಗಡಿಗೆ ಒಯ್ಯುವಂತಿಲ್ಲ. ಹೆಂಡತಿಯನ್ನು ಕರೆದೊಯ್ಯಬಹುದಿತ್ತು, ಆದರೆ ಆಕೆ ಹತ್ತು ನಿಮಿಷದಲ್ಲಿ ಯಾವುದೋ ಒಂದನ್ನು ಕೊಂಡು ಎದ್ದುಬಿಡುವ ಪೈಕಿ. ಆದ್ದರಿಂದ ಅವರು ಚಪಾತಿ ಹಿಟ್ಟು ಗಟ್ಟಿಯಾಗಿ ಕಲಸಿ, ರೈಫಲ್ಲಿನ ನೆತ್ತಿಗೆ ಒತ್ತಿ ಅಚ್ಚು ತೆಗೆದು, ಟಿಫನ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದರು.

ಬಂದೂಕಿನ ಅಂಗಡಿಯ ಸಂಜೀವಯ್ಯ ಡಬ್ಬಿಯೊಳಗೆ ಇಣುಕಿದರು. ನೂಕುನುಗ್ಗಲಿಗೋ ಸೆಕೆಗೋ ಹಿಟ್ಟು ಉಬ್ಬಿ ಅಚ್ಚು ಮುಚ್ಚಿಹೋಗಿತ್ತು.

“ಇದ್ರಲ್ಲಿ ನಾನೇನ್ ಅಳೀಲಿ ಸಾರ್? ಲಟ್ಟಿಸಿದ್ರೆ ನಾಲ್ಕು ಪೂರಿ ಆಗತ್ತೆ.”

“ನೀರು ಜಾಸ್ತಿ ಆಯ್ತು,” ಎಂದರು ಚಕ್ರಪಾಣಿಗಳು ಗಂಭೀರವಾಗಿ. ಎರಡನೆಯ ಸಲ ಮೇಣದ ಅಚ್ಚು ಒಯ್ದರು.

ಆಮೇಲೆ ಶುರುವಾಯಿತು ನೋಡಿ ಆಯ್ಕೆ. ಗಿಡ್ಡ ಮೌಂಟು ಹಾಕಿದರೆ ದುರ್ಬೀನಿನ ಹೊಟ್ಟೆ ನಳಿಕೆಗೆ ಉಜ್ಜುತ್ತದೆ. ಎತ್ತರದ್ದಾದರೆ ಕೆನ್ನೆ ಹಿಡಿಯ ಮರದಿಂದ ಮೇಲೆದ್ದು ಹಿಡಿತ ತಪ್ಪುತ್ತದೆ. ಅಗಲವಾದದ್ದು ಖಾಲಿ ತೋಟಾ ಹಾರುವ ಕಿಂಡಿಗೆ ಅಡ್ಡ ಬಂದರೆ ರೈಫಲ್ಲು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಡಿ ಬಿಡಿ ಎರಡು ಉಂಗುರವೋ, ಇಡಿಯಾದ ಒಂದೇ ತುಂಡೋ? ಪ್ರತಿಯೊಂದಕ್ಕೂ ಮೂರು ಚಿತ್ರ ಬರೆದರು. ಹನ್ನೊಂದು ಸಲ ಅಂಗಡಿಗೆ ಹೋದರು.

“ಸಾರ್, ನನ್ ಮಗಳಿಗೂ ನಾನು ಇಷ್ಟೊಂದು ಗಂಡು ನೋಡ್ಲಿಲ್ಲ,” ಎಂದರು ಸಂಜೀವಯ್ಯ.

ಸೆಪ್ಟೆಂಬರು ಮುಗಿಯುವ ಹೊತ್ತಿಗೆ ಮಧ್ಯಮ ಎತ್ತರದ, ಒಂದೇ ತುಂಡಿನ ಮೌಂಟು ಮನೆಗೆ ಬಂತು. ಚೂಡಾಮಣಿ ರೈಫಲ್ಲಿನಲ್ಲಿ ಗುಂಡಿಲ್ಲವೆಂದು ಎರಡೆರಡು ಸಲ ತೆರೆದು ನೋಡಿ ಊಟದ ಮೇಜಿನ ಮೇಲಿಟ್ಟರು. ಮುಂದಿನ ಐದು ದಿನ ಮನೆಯವರು ನೆಲದಲ್ಲಿ ಕೂತು ಉಂಡರು. ದುರ್ಬೀನಿನೊಳಗಿನ ಅಡ್ಡಗೆರೆ ನೆಟ್ಟಗಿರಬೇಕಲ್ಲ, ಅದಕ್ಕೆ ಕಿಟಕಿಯ ಸರಳಿನಿಂದ ದಾರ ಇಳಿಬಿಟ್ಟು ಬೀರುವಿನ ಬೀಗದ ಕೈ ಕಟ್ಟಿದರು. ಫ್ಯಾನು ಹಾಕಿದರೆ ದಾರ ಆಡುತ್ತದೆಂದು ಫ್ಯಾನು ಬಂದ್. ರೈಫಲ್ಲನ್ನು ಹೆಗಲಿಗೇರಿಸಿ, ಕೊಕ್ಕರೆ ಕತ್ತನ್ನು ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ ನೋಡುವರು, ಮೌಂಟನ್ನು ಚೂರು ಮುಂದೆ ಸರಿಸುವರು, ಮತ್ತೆ ನೋಡುವರು. ಶನಿವಾರ ಬೆಳಿಗ್ಗೆ ಕೊನೆಯ ತಿರುಪು ಬಿಗಿದಾಗ ಬಿಂಬ ಬೆಳ್ಳಗೆ, ದುಂಡಗೆ, ಕನ್ನಡಿಯಂತೆ ಕಂಡಿತು.

“ಬಾರೆ, ಒಂದ್ಸಲ ನೋಡು,” ಎಂದು ಮಧ್ಯಾಹ್ನ ಕರೆದರು.

“ಪೂಜೆಗೆ ಇಟ್ಟಾಯ್ತು. ಇನ್ನು ಮುಟ್ಟೋ ಹಾಗಿಲ್ಲ,” ಎಂದರು ಚೂಡಾಮಣಿ. ಅಂದು ಆಯುಧಪೂಜೆ. ಈಳಿಗೆ ಮಣೆ, ಹೊಲಿಗೆ ಮಿಷನ್ನು, ಕಾರಿನ ಜತೆಗೆ ರೈಫಲ್ಲೂ ಗಂಧ ಕುಂಕುಮ ಹಚ್ಚಿಸಿಕೊಂಡು ಕೂತಿತು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಯಾರೂ ಕದಲಿಸುವುದಿಲ್ಲ. ಆರಡಿ ಎತ್ತರದ ತಾವು ಐದು ದಿನವೂ ಅಳತೆ ತೆಗೆದುಕೊಂಡಿದ್ದು ತಮ್ಮದೇ ಕತ್ತಿಗೆ ಎಂಬುದು ಆ ಮಹಾನುಭಾವರಿಗೆ ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ಭಾನುವಾರ, ವಿಜಯದಶಮಿಯ ದಿನ, ರೇಂಜಿನಲ್ಲಿ. ನಾಲ್ಕಡಿ ಹತ್ತಂಗುಲದ ಚೂಡಾಮಣಿ ಚಾಪೆಯ ಮೇಲೆ ಮಲಗಿ ದುರ್ಬೀನಿಗೆ ಕಣ್ಣಿಟ್ಟರೆ, ಅದು ಕಣ್ಣಿಗೆ ನಿಲುಕದಷ್ಟು ಮುಂದಿದ್ದು, ಎಲ್ಲ ಕಪ್ಪು. ನಟ್ಟನಡುವೆ ಕಡಲೆಕಾಳಿನಷ್ಟು ಬೆಳಕು. ಕತ್ತು ಚಾಚಲು ಅವರಿಗೆ ಅಷ್ಟು ಕತ್ತೇ ಇರಲಿಲ್ಲ. ತಿರುಗಿ ಗಂಡನ ಕಡೆ ಒಮ್ಮೆ ನೋಡಿದರು. ಚಕ್ರಪಾಣಿಗಳು ತಮ್ಮ ಕತ್ತನ್ನು ಮುಟ್ಟಿ ನೋಡಿಕೊಂಡರು.

ಆಕೆ ಸ್ಕ್ರೂಡ್ರೈವರ್ ಕೇಳಿ ಪಡೆದು, ತಿರುಪು ಸಡಿಲಿಸಿ, ಮೌಂಟನ್ನು ಅನಾಮತ್ತಾಗಿ ಒಂದೂವರೆ ಅಂಗುಲ ಹಿಂದಕ್ಕೆಳೆದು ಬಿಗಿದರು. ಅಷ್ಟರಲ್ಲಿ ಗುರಿ ಹೊಂದಿಸಿಕೊಳ್ಳಲು ಕೊಡುವ ಪರೀಕ್ಷಾ ಗುಂಡುಗಳ ಸಮಯ ಮುಗಿದಿತ್ತು. ಇನ್ನು ಗುಂಡು ಹೋಗಿ ಎಲ್ಲಿ ಬೀಳುತ್ತದೆಂಬುದು ಯಾರಿಗೂ ಗೊತ್ತಿಲ್ಲ. ಆದರೂ ಕಪ್ಪು ವೃತ್ತದ ನಡುವಿಗೇ ಗುರಿಯಿಟ್ಟು ಹತ್ತು ಗುಂಡು ಹಾರಿಸಿದರು.

ರೇಂಜಿನ ಉಸ್ತುವಾರಿಯ ಗುರುಬಸಪ್ಪ ದೂರದರ್ಶಕದಲ್ಲಿ ನೋಡಿ ತಲೆ ಕೆರೆದುಕೊಂಡರು. “ಮೇಡಂ, ವೃತ್ತದಲ್ಲಿ ಒಂದೂ ಬಿದ್ದಿಲ್ಲ. ಸ್ಕೋರು ಸೊನ್ನೆ.”

ಚೂಡಾಮಣಿ ರೈಫಲ್ಲು ಖಾಲಿ ಮಾಡಿ, ಕೆಳಗಿಟ್ಟು, ಎದ್ದು ಸೆರಗಿನ ಮಣ್ಣು ಕೊಡವಿಕೊಂಡರು. ಚಕ್ರಪಾಣಿಗಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮೂರು ತಿಂಗಳು ತಲೆ ಕೆಡಿಸಿಕೊಂಡು ಹೆಂಡತಿಯ ರೈಫಲ್ಲನ್ನು ತಾವೇ ಸ್ಟೇಷನ್ನಿಗೆ ಕಳಿಸಿದ ಹಾಗಾಯಿತಲ್ಲ.

ಗುರುಬಸಪ್ಪ ಗುರಿಯ ಕಾಗದ ಬಿಚ್ಚಿ ತಂದರು. ವೃತ್ತವೆಲ್ಲ ಹಾಗೇ ಕನ್ನೆಯಾಗಿ ಉಳಿದಿತ್ತು. ಆದರೆ ಕಾಗದದ ಎಡ ಮೂಲೆಯ ತುದಿಯಲ್ಲಿ, ಹತ್ತೂ ಗುಂಡು ಒಂದರ ಮೇಲೊಂದು ಬಿದ್ದು, ಒಂದು ರೂಪಾಯಿಯ ನಾಣ್ಯದಿಂದ ಮುಚ್ಚಬಹುದಾದಷ್ಟು ಒಂದೇ ತೂತಾಗಿತ್ತು.

“ಗುರಿ ಹೊಂದಿಸಿಲ್ಲ, ಅದಕ್ಕೇ ಮೂಲೆಗೆ ಹೋಗಿದೆ,” ಎಂದರು ಗುರುಬಸಪ್ಪ ಮೆಲ್ಲಗೆ. “ಆದ್ರೆ ಹತ್ತೂ ಒಂದೇ ಜಾಗದಲ್ಲಿ. ಇಂಥ ಕೈ ನಮ್ ಕ್ಲಬ್ಬಲ್ಲಿ ಯಾರಿಗೂ ಇಲ್ಲ ಮೇಡಂ.”

ಚೂಡಾಮಣಿ ಕಾಗದವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಲಗೈಯನ್ನು ಮುಂದೆ ಚಾಚಿ, ಐದೂ ಬೆರಳು ಬಿಡಿಸಿ ಹಿಡಿದರು. ಗಂಡ ಹೆಂಡತಿ ಇಬ್ಬರೂ ಉಸಿರು ಬಿಗಿ ಹಿಡಿದು ಅದನ್ನೇ ನೋಡಿದರು. ಅದು ಅಲುಗಲಿಲ್ಲ.

“ನಾಳೆನೇ ಹೋಗಿ ರಿನ್ಯೂವಲ್ ಫಾರಂ ತನ್ನಿ,” ಎಂದರು ಚೂಡಾಮಣಿ. “ನನ್ ಕೈ ಸರಿಯಾಗೇ ಇದೆ ರೀ. ತಪ್ಪೆಲ್ಲಾ ನಿಮ್ದೇ.”

ಮದುವೆಯಾದಾಗಿನಿಂದ ಈ ಆರೋಪವನ್ನು ಚಕ್ರಪಾಣಿಗಳು ಒಂದು ದಿನವೂ ಒಪ್ಪಿಕೊಂಡವರಲ್ಲ.

“ಹೌದು ಕಣೆ,” ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಎಲ್ಲಾ ನಂದೇ.”