ಯೆಮೆನ್ ಛಲೋನೋ, ಲಿಬಿಯಾ ಛಲೋನೋ

ಕೇಳಿದ ತಕ್ಷಣ ಉತ್ತರ ಕೊಡುವುದು ನನ್ನ ಹುಟ್ಟುಗುಣ. ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. “ಈಕಿಗೆ ದಾರಿ ಕೇಳಿದವ್ರು ಊರು ಮುಟ್ಟಿದಂಗ” ಎಂದು ನಮ್ಮವ್ವ ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದಳು. ಆ ಗುಣದಿಂದ ಒಬ್ಬ ಮುದುಕಿಯ ಜೀವಕ್ಕೇ ಸಂಚಕಾರ ತರುವುದರಲ್ಲಿದ್ದೆ.

ನಾನು ಹುಬ್ಬಳ್ಳಿಯವಳು, ನರ್ಸು. ಲಿಬಿಯಾದ ಟ್ರಿಪೋಲಿಯಲ್ಲಿ, ಸರಕಾರಿ ಆಸ್ಪತ್ರೆಯಲ್ಲಿ ಐದು ವರ್ಷ ದುಡಿದೆ. ನಮ್ಮ ಮನೆಯವರು ಅಲ್ಲೇ ಲ್ಯಾಬಿನಲ್ಲಿದ್ದರು. ೨೦೧೧ರಲ್ಲಿ ಗುಂಡು ಹಾರತೊಡಗಿದಾಗ ಹಡಗು ಹತ್ತಿ ಊರಿಗೆ ಮರಳಿದೆವು. ಬುದ್ಧಿ ಬಂತೇ? ಎಲ್ಲಿಯದು. ಮರುವರ್ಷ ಯೆಮೆನ್‌ಗೆ, ಸನಾ ಪಟ್ಟಣಕ್ಕೆ ಹೋದೆವು, ೨೦೧೫ರಲ್ಲಿ ಅಲ್ಲಿಂದಲೂ ಹಡಗಿನಲ್ಲೇ ಓಡಿ ಬಂದೆವು. ಬಾಣಲೆಯಿಂದ ಬೆಂಕಿಗೆ ಬೀಳುವುದನ್ನೇ ಉದ್ಯೋಗ ಮಾಡಿಕೊಂಡಿದ್ದಾರೆ ಎಂದು ನೆಂಟರು ನಕ್ಕರು. ಆಮೇಲೆ ಕೆನಡಾದ ಕಾಗದಗಳು ಬಂದವು. ಸ್ಟ್ರೀಟ್ಸ್‌ವಿಲ್‌ನ ಒಂದು ಬೇಸ್‌ಮೆಂಟಿನಲ್ಲಿ ಸಂಸಾರ ಹೂಡಿದೆವು. ನನ್ನ ನರ್ಸಿಂಗ್ ಸರ್ಟಿಫಿಕೇಟು ಇಲ್ಲಿ ನಡೆಯಲಿಲ್ಲ. ಬರ್ಲಿಂಗ್ಟನ್‌ನ ಒಂದು ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವ, ಉಣಿಸುವ ಕೆಲಸ ಹಿಡಿದೆ.

ಅಲ್ಲಿ ಆಕೆ ಸಿಕ್ಕಳು. ಯೆಮೆನ್‌ನ ರಾಜಧಾನಿ ಸನಾದವಳು, ನನಗಿಂತ ಐದಾರು ವರ್ಷ ಚಿಕ್ಕವಳು. ಆಕೆಯ ಮನೆ ನಮ್ಮಿಂದ ಎರಡು ಸಿಗ್ನಲ್ ಆಚೆ, ಇಬ್ಬರದೂ ಒಂದೇ ಶಿಫ್ಟು. ದಿನಾ ಬೆಳಿಗ್ಗೆ ಆಕೆಯ ಕಾರು ನಮ್ಮ ಮನೆ ಮುಂದೆ ಬಂದು ನಿಲ್ಲುತ್ತಿತ್ತು. ಮೊದಲ ದಿನ ನನ್ನ ಅರಬ್ಬಿ ಭಾಷೆಯ ಪ್ರತಾಪ ತೋರಿಸೋಣವೆಂದು ಮಾತು ತೆಗೆದೆ. ಪೇಶೆಂಟುಗಳಿಂದ ಕಲಿತ ಅರಬ್ಬಿ ಅದು. ಎಲ್ಲಿ ನೋವು, ಎಷ್ಟು ದಿನದಿಂದ, ಊಟ ಸೇರುತ್ತದೋ ಇಲ್ಲವೋ, ಇಷ್ಟೇ ನನಗೆ ಬರುತ್ತಿದ್ದದ್ದು. ಆಕೆ ನಕ್ಕೂ ನಕ್ಕೂ ಕಾರನ್ನು ರಸ್ತೆ ಬದಿಗೆ ನಿಲ್ಲಿಸಿದಳು. ನಮ್ಮ ಭಾಷೆಯಲ್ಲಿ ಯಾರಾದರೂ ಹೀಗೆ ನನ್ನ ಆರೋಗ್ಯ ಕೇಳಿ ವರ್ಷಗಳಾದವು ಎಂದು ಕಣ್ಣೊರೆಸಿಕೊಂಡಳು. ಅವತ್ತಿಂದ ನಾವು ಅಕ್ಕತಂಗಿಯರ ಹಾಗೆ.

೨೦೧೮ರ ಚಳಿಗಾಲದ ಒಂದು ಬೆಳಿಗ್ಗೆ ಸಿಗ್ನಲ್ಲಿನಲ್ಲಿ ನಿಂತಾಗ ಆಕೆ ತನ್ನ ತಾಯಿಯ ಮಾತು ತೆಗೆದಳು. ತಾಯಿ ಸನಾದಲ್ಲಿ ಬಟ್ಟೆ ಹೊಲಿಯುವಾಕೆ, ಎಪ್ಪತ್ತರ ಸುಮಾರು, ಮೊಣಕಾಲು ನೋವು. ಯುದ್ಧ ಮುಗಿಯುವ ಲಕ್ಷಣವಿರಲಿಲ್ಲ. ಕೆನಡಾಕ್ಕೆ ಕರೆಸುವ ಕಾಗದ ಎಂದು ಆದೀತೋ ದೇವರೇ ಬಲ್ಲ. ಲಿಬಿಯಾದವನನ್ನು ಮದುವೆಯಾಗಿ ಟ್ರಿಪೋಲಿಯಲ್ಲಿದ್ದ ಇನ್ನೊಬ್ಬ ಮಗಳು, ಅಮ್ಮ ತನ್ನ ಹತ್ತಿರ ಬರಲಿ ಎಂದು ಹಟ ಹಿಡಿದಿದ್ದಳು. “ಎರಡೂ ಕಡೆ ಇದ್ದು ಬಂದವಳು ನೀನೊಬ್ಬಳೇ,” ಎಂದಳು ಗೆಳತಿ. “ಅಮ್ಮನಿಗೆ ಯಾವುದು ಒಳ್ಳೆಯದು?”

ಸಿಗ್ನಲ್ ಹಸಿರಾಗುವ ಮೊದಲೇ ಲಿಬಿಯಾ ಎಂದುಬಿಟ್ಟೆ.

ಯಾಕೆ ಹಾಗೆಂದೆ ಅನ್ನುವುದು ಹುಬ್ಬಳ್ಳಿಯವರಿಗೆ ಮಾತ್ರ ಅರ್ಥವಾದೀತು. ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು ಬರುತ್ತಿತ್ತು. ನೀರು ಬಂದ ದಿನ ಶಾಲೆ ಇಲ್ಲ, ಮದುವೆ ಮಾತುಕತೆ ಇಲ್ಲ. ಕೊಡ, ಬ್ಯಾರಲ್ಲು, ಕಡೆಗೆ ಚಹಾದ ಪಾತ್ರೆಯವರೆಗೂ ತುಂಬಬೇಕು. ಯಾವುದೇ ಊರಿಗೆ ಹೋದರೂ ನಾವು ಮೊದಲು ಕೇಳುವುದು ನೀರಿನ ಸುದ್ದಿ. ಟ್ರಿಪೋಲಿಯಲ್ಲಿ ಮೊದಲ ದಿನ ನಳ ತಿರುಗಿಸಿದೆ, ನೀರು ಬಂತು. ಮರುದಿನವೂ ಬಂತು, ಐದು ವರ್ಷ ಬಂತು. ಮರಳುಗಾಡಿನ ಅಡಿಯಿಂದ ದೊಡ್ಡ ದೊಡ್ಡ ಪೈಪಿನಲ್ಲಿ ತರುತ್ತಿದ್ದರಂತೆ. ಕರೆಂಟು ಹೋದದ್ದು ನೆನಪೇ ಇಲ್ಲ, ರೊಟ್ಟಿ ಬಲು ಅಗ್ಗ. ಸನಾದಲ್ಲಾದರೋ ಟ್ಯಾಂಕರ್ ಬರಬೇಕು, ಮಾಳಿಗೆಯ ಟಾಕಿ ತುಂಬಬೇಕು, ಇಬ್ಬರಿಗೆ ಒಂದು ಬಕೀಟು. ಗ್ಯಾಸಿಗೆ ಪಾಳಿ. ನನ್ನ ಲೆಕ್ಕದಲ್ಲಿ ಎರಡನೇ ಮಾತೇ ಇರಲಿಲ್ಲ.

ಆಕೆ ನನ್ನನ್ನು ನಂಬಿದಳು. ಮೂರು ವಾರದಲ್ಲಿ ಎಲ್ಲ ಏರ್ಪಾಡಾಯಿತು. ಸನಾದಿಂದ ವಿಮಾನ ಇಲ್ಲದ್ದರಿಂದ ತಾಯಿ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ, ಬಂದೂಕಿನವರು ತಡೆದು ತಡೆದು ಬಿಡುವ ದಾರಿಯಲ್ಲಿ, ಇನ್ನೊಂದು ಊರಿಗೆ ಹೋಗಬೇಕು. ಅಲ್ಲಿಂದ ಎರಡು ವಿಮಾನ. ಮುದುಕಿ ಆಗಲೇ ಪಾತ್ರೆಪಗಡ ಹಂಚಲು ಶುರುಮಾಡಿದ್ದಳಂತೆ.

ಇದನ್ನೆಲ್ಲ ನಾನು ಊಟಕ್ಕೆ ಕೂತಾಗ ಮನೆಯವರ ಮುಂದೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ನೀ ಯಾವ ಲಿಬಿಯಾ ಹೇಳಿದಿ?” ಎಂದರು. “ನಾವು ಕಂಡಿದ್ದು ಜಗಳಾ ಹತ್ತೂಕಿಂತ ಮೊದಲಿಂದು. ಯೆಮೆನ್ ಕಂಡಿದ್ದು ಕೆಡಲಿಕ್ಕೆ ಹತ್ತಿದ ಮ್ಯಾಲೆ. ಎರಡೂ ಒಂದ ತಕ್ಕಡ್ಯಾಗ ಹ್ಯಾಂಗ ತೂಗಿದಿ?”

ನಾನು ತಟ್ಟೆ ಬಿಟ್ಟೆದ್ದು ಫೋನು ತಂದೆ. ಅವರ ಜೊತೆ ಲ್ಯಾಬಿನಲ್ಲಿದ್ದ ಕೇರಳದವನೊಬ್ಬ ಇನ್ನೂ ಟ್ರಿಪೋಲಿಯಲ್ಲೇ ಇದ್ದ. ಅವನಿಗೆ ಮೆಸೇಜು ಹಾಕಿದೆವು. ಬಂದೂಕಿನವರು ಆಗಾಗ ನೀರಿನ ಪೈಪನ್ನೇ ಮುಚ್ಚಿಸುತ್ತಾರೆ, ವಾರಗಟ್ಟಲೆ ನಳ ಒಣಗಿರುತ್ತದೆ, ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಹೊತ್ತು ಕರೆಂಟಿಲ್ಲ, ಯಾವ ಓಣಿ ಯಾರ ಕೈಯಲ್ಲಿದೆ ಎಂದು ಬೆಳಿಗ್ಗೆ ಕೇಳಿಕೊಂಡು ಹೊರಡುತ್ತೇವೆ ಎಂದು ಬರೆದ. ಹಾಗಂತ ಎಲ್ಲ ಹಾಳಾಗಿಲ್ಲ, ಔಷಧಿ ಸನಾಕ್ಕಿಂತ ಸುಲಭ ಎಂದೂ ಬರೆದ. ಅವನು ಹಾಗೆ ನ್ಯಾಯವಾಗಿ ಬರೆದದ್ದು ನನಗೆ ಇನ್ನೂ ಕಷ್ಟವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮರುದಿನ ಕಾರಿನಲ್ಲಿ ಕೂತವಳೇ, ನಾನು ಹೇಳಿದ್ದು ತಪ್ಪು, ನನ್ನ ಲಿಬಿಯಾ ಎಂದೋ ಮುಗಿದುಹೋಗಿದೆ ಎಂದು ಹೇಳಿದೆ. ಆಕೆ ಬರ್ಲಿಂಗ್ಟನ್ ಬರುವವರೆಗೂ ಕಾರು ಓಡಿಸಿದಳು. ಪಾರ್ಕಿಂಗಿನಲ್ಲಿ ಎಂಜಿನ್ ಆರಿಸಿ, “ಅಮ್ಮ ಪಾತ್ರೆಗಳನ್ನೆಲ್ಲ ಕೊಟ್ಟುಬಿಟ್ಟಿದ್ದಾಳೆ. ಈಗ ಹೇಳುತ್ತೀಯಾ?” ಎಂದಳು. ಎರಡು ದಿನ ನಮ್ಮ ಮನೆ ಮುಂದೆ ಕಾರು ನಿಲ್ಲಲಿಲ್ಲ. ಹಿಮದಲ್ಲಿ ಬಸ್ಸು ಬದಲಿಸಿ ಬದಲಿಸಿ ಕೆಲಸಕ್ಕೆ ಹೋದೆ, ಸರಿಯಾಗೇ ಆಯಿತು ಎಂದುಕೊಂಡೆ.

ಮೂರನೇ ದಿನ ಮಧ್ಯಾಹ್ನದ ಬ್ರೇಕಿನಲ್ಲಿ ಆಕೆ ನನ್ನನ್ನು ಹಾಸಿಗೆ ಬಟ್ಟೆ ಇಡುವ ಕೋಣೆಗೆ ಕರೆದು ಕೈಗೆ ಫೋನು ಕೊಟ್ಟಳು. ತೆರೆಯ ಮೇಲೆ ಅವಳ ತಾಯಿ. ಸೋಲಾರ್ ದೀಪದ ಬೆಳಕು, ಹಿಂದೆ ಹೊಲಿಗೆ ಮಷೀನು, ಯಾರೋ ಇಬ್ಬರು ಹೆಂಗಸರು ಇಣುಕುತ್ತಿದ್ದರು. ನಾನು ನನ್ನ ಆಸ್ಪತ್ರೆ ಅರಬ್ಬಿಯಲ್ಲಿ ತಪ್ಪೊಪ್ಪಿಕೊಂಡೆ. ಮುದುಕಿ ನೀರಿನ ವಿಷಯ ಕೇಳಲಿಲ್ಲ, ಕರೆಂಟಿನ ವಿಷಯ ಕೇಳಲಿಲ್ಲ.

“ಮಗಳೇ, ಅಲ್ಲಿ ಮಧ್ಯಾಹ್ನ ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ ಕೂರುತ್ತಾರೆಯೇ?” ಎಂದು ಕೇಳಿದಳು.

ಐದು ವರ್ಷ ಇದ್ದ ಊರು. ಡ್ಯೂಟಿ, ಕ್ವಾರ್ಟರ್ಸು, ಡ್ಯೂಟಿ. ಒಂದು ಮನೆಯ ಹೊಸ್ತಿಲನ್ನಾದರೂ ದಾಟಿದ್ದೆನೇ? ಗೊತ್ತಿಲ್ಲ ಅಮ್ಮಾ ಎಂದೆ. ಅದನ್ನು ಹೇಳುವಾಗ ನಾಚಿಕೆಯಿಂದ ಮುಖ ಬಿಸಿಯಾಯಿತು.

“ಬಾಂಬು ಎರಡೂ ಕಡೆ ಇದೆ,” ಎಂದಳು ಮುದುಕಿ. “ಇಲ್ಲಿ ಬಿದ್ದರೆ ಇವಳು ಇಂಥವಳು ಎಂದು ಗುರುತು ಹಿಡಿಯಲು ಜನ ಇದ್ದಾರೆ. ನಾನು ಇಲ್ಲೇ ಇರುತ್ತೇನೆ.”

ಫೋನು ಇಟ್ಟ ಮೇಲೆ ಗೆಳತಿ ನನ್ನ ಹೆಗಲಿಗೆ ತಲೆ ಕೊಟ್ಟು ಅತ್ತಳು. ನಾನೂ ಅತ್ತೆ. ಸಂಜೆ ನನ್ನನ್ನು ಕಾರಿನಲ್ಲೇ ಕರೆತಂದಳು. ಆದರೆ ನನಗೆ ಸಮಾಧಾನವಿರಲಿಲ್ಲ. ಸನಾದ ಸುದ್ದಿ ಟಿವಿಯಲ್ಲಿ ಬಂದಾಗಲೆಲ್ಲ ಎದೆ ಹಾರುತ್ತಿತ್ತು. ಮುದುಕಿ ಹೋಗದಂತೆ ಮಾಡಿದವಳೂ ನಾನೇ ತಾನೇ?

ಮುಂದಿನ ವಸಂತದಲ್ಲಿ, ೨೦೧೯ರಲ್ಲಿ, ಟ್ರಿಪೋಲಿಯ ಅಂಚಿನ ಬಡಾವಣೆಗಳಿಗೆ ಕಾಳಗ ಬಂತು. ಆ ಮಗಳ ಮನೆ ಅಲ್ಲೇ. ಕಿಟಕಿಗಳು ಒಡೆದವು, ಮೂರು ಮಕ್ಕಳನ್ನು ಕಟ್ಟಿಕೊಂಡು ಗಂಡಹೆಂಡತಿ ಊರ ಆಚೆ ಬದಿಗೆ, ಗಂಡನ ಅಣ್ಣನ ಮನೆಗೆ ಓಡಿದರು. ಅಮ್ಮ ಹೋಗಿದ್ದರೆ ಆ ಮೊಣಕಾಲಿನಲ್ಲಿ ಹೇಗೆ ಓಡುತ್ತಿದ್ದಳು ಎಂದು ಗೆಳತಿ ನನ್ನ ಕೈ ಹಿಡಿದುಕೊಂಡಳು. 

ಆ ವಾರವೇ ಒಂದು ಬೆಳಿಗ್ಗೆ ಕಾರಿನಲ್ಲಿ ತಾಯಿಯ ಫೋನು ಬಂತು. ಅದೇ ಕರೆಯಲ್ಲಿ ಟ್ರಿಪೋಲಿಯ ಮಗಳೂ ಇದ್ದಳು, ಅಳುತ್ತಿದ್ದಳು. ಮುದುಕಿ ಅವಳಿಗೆ, ಮಕ್ಕಳನ್ನು ಕರೆದುಕೊಂಡು ಇಲ್ಲಿಗೆ ಬಂದುಬಿಡು, ಇಲ್ಲಿ ಈಗ ಗಲಾಟೆ ಕಡಿಮೆ ಎಂದು ಗದರುತ್ತಿದ್ದಳು. ನಂಬಿಕೆ ಬರದಿದ್ದರೆ ನಿನ್ನ ತಂಗಿಯ ಗೆಳತಿಯನ್ನು ಕೇಳು, ಎರಡೂ ಕಡೆ ಇದ್ದವಳು, ಅವಳೇ ಹೇಳಲಿ ಎಂದಳು. ಬಸ್ಸಿನ ದಾರಿ, ಮುಚ್ಚಿದ ವಿಮಾನ ನಿಲ್ದಾಣ, ಮೂರು ಮಕ್ಕಳು. ಯಾರೂ ಎಲ್ಲಿಗೂ ಹೋಗಲಾರರು ಎಂದು ಕಾರಿನಲ್ಲಿದ್ದ ನಮ್ಮಿಬ್ಬರಿಗೂ ಗೊತ್ತಿತ್ತು, ಅತ್ತ ಅಳುತ್ತಿದ್ದವಳಿಗೂ ಗೊತ್ತಿತ್ತು. ಗೆಳತಿ ನನ್ನ ಕಡೆ ನೋಡಿದಳು.

“ನಿಮ್ಮ ಮನೆಯೇ ಒಳ್ಳೆಯದು ಅಮ್ಮಾ,” ಎಂದೆ.

ಮುದುಕಿ ಅವತ್ತೇ ಮಾಳಿಗೆಯವರ ಮನೆಯಿಂದ ಎರಡು ಹಾಸಿಗೆ ಕೇಳಿ ತಂದು, ತನ್ನದರ ಪಕ್ಕ ಸಾಲಾಗಿ ಹಾಸಿದಳಂತೆ. ಅವರು ಬರುವುದಿಲ್ಲ ಎಂದು ಅವಳಿಗೆ ಹೇಳಲು ನಮಗೆ ಯಾರಿಗೂ ಬಾಯಿ ಬರಲಿಲ್ಲ. ಎರಡು ವಾರ ಆ ಹಾಸಿಗೆಗಳು ಹಾಗೇ ಹಾಸಿಯೇ ಇದ್ದವು.