ಕಾರಿನ ಡಿಕ್ಕಿಯಲ್ಲಿ ಒಂದು ದೇಶ

ಆ ಆಸಾಮಿಯನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಡೆಟ್ರಾಯ್ಟ್ ಕಡೆಯ ನಮ್ಮ ಭಾರತೀಯರ ಸಂಘಕ್ಕೆ ಅವನೇ ಅಧ್ಯಕ್ಷ. ಮೈಸೂರಿನವನು, ದೊಡ್ಡ ಡಾಕ್ಟರು.

ಅದು ೧೯೭೧. ಟ್ರಾಯ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಢಾಕಾದವಳು. ಅವಳಿಗಿದ್ದ ಒಬ್ಬನೇ ತಮ್ಮ ಕಾಲೇಜು ಬಿಟ್ಟು, ಪಾಕಿಸ್ತಾನದ ಸೈನ್ಯದ ವಿರುದ್ಧ ಬಂದೂಕು ಹಿಡಿದ ಬಂಡುಕೋರರ ಜೊತೆ ಸೇರಿದ್ದ. ಅವರು ಬಾಂಗ್ಲಾದೇಶವೆಂದು ಹೆಸರಿಟ್ಟು ತಮ್ಮದೇ ಸರ್ಕಾರವನ್ನೂ ಘೋಷಿಸಿದ್ದರು. ಅದಕ್ಕೆ ಜಗತ್ತಿನ ಯಾವ ದೇಶವೂ ಮಾನ್ಯತೆ ಕೊಟ್ಟಿರಲಿಲ್ಲ, ನಮ್ಮ ಭಾರತ ಕೂಡ.

"ಅವಳ ಜೊತೆ ಜಾಸ್ತಿ ಓಡಾಡ್ಬೇಡ. ಮಿಲಿಟೆಂಟ್ಸ್ ಕನೆಕ್ಷನ್ ಅಂದ್ರೆ ನಮ್ ಗ್ರೀನ್ ಕಾರ್ಡಿಗೇ ಸಂಚಕಾರ" ಎಂದು ನನ್ನ ಗಂಡ ಹೆದರಿಸಿದರು.

"ಸುಮ್ನಿರ್ರೀ, ಕಂಡಿದೀನಿ" ಎಂದೆ.

ಆ ಅಕ್ಟೋಬರಿನಲ್ಲಿ ಪ್ಲಿಮತ್‌ನ ಚರ್ಚ್ ಹಾಲಿನಲ್ಲಿ ನಾನಾ ದೇಶಗಳ ತಿಂಡಿಮೇಳ ನಡೆಯಿತು. ದೇಶಕ್ಕೊಂದು ಮೇಜು, ಮೇಜಿಗೊಂದು ಬಾವುಟ. ಅವಳಿಗೆ ಬೇಕಾಗಿದ್ದದ್ದು ತನ್ನ ದೇಶದ ಹೆಸರಿನಲ್ಲಿ ಒಂದು ಮೇಜು, ಅಷ್ಟೇ. ಕೈಯಾರೆ ಹೊಲಿದ ಬಾವುಟ, ಟ್ರೇ ತುಂಬ ಅಕ್ಕಿಹಿಟ್ಟಿನ ಸಿಹಿಕಡುಬು ತಂದಿದ್ದಳು. ಮೇಳ ನಡೆಸುವ ಅಮೆರಿಕನ್ ಹೆಂಗಸು ನಗುನಗುತ್ತಲೇ, ಅಂಥ ದೇಶವೇ ಇಲ್ಲವಲ್ಲ, ಪಾಕಿಸ್ತಾನದ ಮೇಜಿಗೆ ಹೋಗಿ ಎಂದಳು. ಇವಳ ಮುಖ ಬಿಳಿಚಿಕೊಂಡಿತು.

ಆಗ ನಮ್ಮ ಅಧ್ಯಕ್ಷ ಮಹಾಶಯ ದೊಡ್ಡ ಉಪಕಾರ ಮಾಡುವವನಂತೆ ನನ್ನ ಹತ್ತಿರ ಬಂದ. "ನಮ್ ಇಂಡಿಯಾ ಟೇಬಲ್ ಮೂಲೇಲಿ ಇಟ್ಕೊಳ್ಳೋಕೆ ಹೇಳಮ್ಮ. ಬಾವುಟ ಮಾತ್ರ ಬೇಡ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಆಯ್ತಪ್ಪ!"

ಅಡ್ಜಸ್ಟಂತೆ, ಅಡ್ಜಸ್ಟು! ದೇಶವೇನು ಸಿಟಿ ಬಸ್ಸಿನ ಸೀಟೇ? ಮೂವರ ಜಾಗದಲ್ಲಿ ನಾಲ್ವರು ಕೂತು ಬೆಳೆದ ನಮ್ಮ ಜನಕ್ಕೆ ಲೋಕದ ಸಕಲ ಸಂಕಟಕ್ಕೂ ಅದೊಂದೇ ಮದ್ದು. ನಾಚಿಕೆಯಿಂದ ತಲೆ ತಗ್ಗಿಸಿಕೊಂಡೇ ಅವಳಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ.

"ನನ್ನ ತಮ್ಮ ಕೆಸರಿನಲ್ಲಿ ಮಲಗಿರುವುದು ನಿಮ್ಮ ಮೂಲೆಗಾಗಿ ಅಲ್ಲ" ಎಂದವಳೇ ಟ್ರೇ ಎತ್ತಿಕೊಂಡು ಹೊರಗೆ ನಡೆದಳು. ಪಾರ್ಕಿಂಗ್ ಲಾಟಿನಲ್ಲಿ ತನ್ನ ಕಾರಿನ ಡಿಕ್ಕಿ ತೆರೆದು, ಅದರ ಮುಚ್ಚಳಕ್ಕೆ ಬಾವುಟ ಕಟ್ಟಿ ಕಡುಬು ಜೋಡಿಸಿದಳು. ನನ್ನ ಪುಳಿಯೋಗರೆ ಪಾತ್ರೆಯನ್ನೂ ಹೊತ್ತು ತಂದು ಅವಳ ಪಕ್ಕ ನಿಂತೆ. "ಮಾನ ಕಳೀತಿದೀಯ" ಎಂದು ಗಂಡ ಹಲ್ಲು ಕಡಿದರು. ಅಮೆರಿಕನ್ ಮಕ್ಕಳು ಬಂದು ತಿಂದು ಹೋದವು. ನಮ್ಮವರು? ಒಂದು ನರಪಿಳ್ಳೆಯೂ ಹಾಲಿನಿಂದ ಹೊರಗೆ ಬರಲಿಲ್ಲ.

ಡಿಸೆಂಬರಿನಲ್ಲಿ ಭಾರತ ಆ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು, ಯುದ್ಧವನ್ನೂ ಗೆದ್ದಿತು. ಗೆದ್ದೆತ್ತಿನ ಬಾಲ ಹಿಡಿಯುವುದನ್ನು ನಮ್ಮವರಿಗೆ ಹೇಳಿಕೊಡಬೇಕೆ? ಅಧ್ಯಕ್ಷನ ಫೋನು ಬಂತು.

"ವಿಕ್ಟರಿ ಪಾರ್ಟಿ ಇಟ್ಕೊಂಡಿದೀವಿ. ನಿಮ್ ಪಕ್ಕದ್ಮನೆಯವರನ್ನ ಡ್ರೈವ್ ಮಾಡ್ಕೊಂಡು ಕರ್ಕೊಂಡ್ಬನ್ನಿ, ಅವರೇ ಚೀಫ್ ಗೆಸ್ಟು."

"ಅವಳ ತಮ್ಮ ಹೋಗ್ಬಿಟ್ಟ. ನಿನ್ನೆ ಸುದ್ದಿ ಬಂತು."

"ಅಯ್ಯೋ ಪಾಪ" ಎಂದ. "ಹಾಗಾದ್ರೆ ಊಟಕ್ಕೆ ಬೇಡ ಬಿಡಿ. ಫೋಟೋಗೊಂದು ಐದ್ನಿಮಿಷ ಬಂದ್ಹೋಗ್ಲಿ."